ಮಡಿಕೇರಿಯಲ್ಲೊಂದು ಕ್ರಿಯಾ ಸಂಶೋಧನಾ ತರಬೇತಿ: ಶಿಕ್ಷಕಿಯ ವಿಮರ್ಶೆ

ಕಳೆದ ಶೈಕ್ಷಣಿಕ ವರ್ಷದಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಮಡಿಕೇರಿಯಲ್ಲಿ ನಡೆಸಿದ ಕ್ರಿಯಾ ಸಂಶೋಧನಾ ತರಬೇತಿಗೆ ಸೇರಿ, ಅದನ್ನು ಪೂರ್ಣಗೊಳಿಸಿದ ಸರ್ಕಾರಿ ಶಾಲಾ ಶಿಕ್ಷಕಿಯಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ದುಡಿಯುವವರೇ ತಮ್ಮ ಕೆಲಸದಲ್ಲಿನ ಒಂದು ತೊಡಕನ್ನು ಗಮನಿಸಿ, ಬದಲಾವಣೆಯೊಂದನ್ನು ಮಾಡಿ ನೋಡಿ, ಅದರ ಪರಿಣಾಮದಿಂದ ಕಲಿಯುವುದೇ ಕ್ರಿಯಾ ಸಂಶೋಧನೆ. ಜೂನ್‌ನಲ್ಲಿ ಆರಂಭವಾಗಿ ಡಿಸೆಂಬರ್ ಕೊನೆಗೆ ಮುಗಿಯುವ ಈ ತರಬೇತಿಯಲ್ಲಿ ತಿಂಗಳಿಗೊಂದು ಭಾನುವಾರ ಮುಖಾಮುಖಿ ತರಗತಿ ಇರುತ್ತದೆ. ನಡುವೆ ಮಾರ್ಗದರ್ಶಕರು ನಮ್ಮ ಶಾಲೆಗೆ ಅಥವಾ ಕೆಲಸದ ಸ್ಥಳಕ್ಕೇ ಬಂದು ನೋಡುತ್ತಾರೆ. ಕೊನೆಯಲ್ಲಿ ಎಲ್ಲರೂ ತಮ್ಮ ಕೆಲಸವನ್ನು ಮಂಡಿಸುವ ಒಂದು ದಿನದ ಸಭೆ ನಡೆಯುತ್ತದೆ. ಕೈಪಿಡಿ ಮತ್ತು ಭಾನುವಾರಗಳ ಊಟ ಸೇರಿ ಶುಲ್ಕ 1,800 ರೂಪಾಯಿ. ಮೊದಲ ದಿನವೇ ನಾವೆಲ್ಲ ಸಹಿ ಹಾಕಿದ ಒಪ್ಪಿಗೆ ಪತ್ರದ ಪ್ರಕಾರ ಯಾವ ಶಾಲೆ, ಸಂಘ ಅಥವಾ ಆಸ್ಪತ್ರೆಯ ಗುರುತೂ ಹೊರಗೆ ಬರುವಂತಿಲ್ಲವಾದ್ದರಿಂದ, ಸಂಸ್ಥೆಯ ಹೆಸರೂ ಸೇರಿದಂತೆ ಯಾವ ಹೆಸರನ್ನೂ ಇಲ್ಲಿ ಬರೆದಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳುವುದು ಓದುವವರಿಗೆ ಅನುಕೂಲ. ಮಾರ್ಗದರ್ಶಕರ ಶಾಲಾ ಭೇಟಿಗಳಿಗಾಗಿಯೇ ಈ ತರಬೇತಿಗೆ ಸೇರಬಹುದು. ಅಷ್ಟು ಒಳ್ಳೆಯ ನೆರವು ನನ್ನ ಸೇವಾವಧಿಯಲ್ಲಿ ಬೇರೆ ಯಾವ ತರಬೇತಿಯಿಂದಲೂ ನನಗೆ ಸಿಕ್ಕಿಲ್ಲ. ಆದರೆ ಅದರ ವೇಳಾಪಟ್ಟಿ ಕೊಡಗಿಗೆ ಹೊಂದುವುದಿಲ್ಲ. ಅದನ್ನು ಬದಲಿಸದೆ ಹೋದರೆ ಇಲ್ಲಿಯ ಶಿಕ್ಷಕರು ಮಾಡುವ ಸಂಶೋಧನೆಯ ಅರ್ಧ ಶ್ರಮ ವ್ಯರ್ಥವಾಗುತ್ತದೆ.

ಬಿ.ಎಡ್. ಅಥವಾ ಡಿ.ಎಡ್. ಮುಗಿಸಿದ ಯಾರಿಗೂ ಕ್ರಿಯಾ ಸಂಶೋಧನೆ ಎಂಬುದು ಹೊಸದಲ್ಲ. ಸಮಸ್ಯೆಯ ಹಿನ್ನೆಲೆ, ಕಾರಣಗಳು, ಪ್ರಾಕ್ಕಲ್ಪನೆ (ಪರೀಕ್ಷಿಸಿ ನೋಡಬೇಕಾದ ಊಹೆ), ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ, ಎರಡು ಸ್ತಂಭಾಲೇಖ, ಕೊನೆಗೊಂದು ಉಪಸಂಹಾರ ಎಂಬ ಕ್ರಮದಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿ ಒಪ್ಪಿಸುವ ಕಡತವಾಗಿ ನಮ್ಮಲ್ಲಿ ಬಹುತೇಕರು ಅದನ್ನು ಬಲ್ಲೆವು. ಹಿಂದಿನ ವರ್ಷದವರ ಕಡತವನ್ನು ಮುಂದಿಟ್ಟುಕೊಂಡು ಅಂಕಿಗಳನ್ನು ಬದಲಿಸಿ ಬರೆದವರನ್ನು ನಾನು ಕಂಡಿದ್ದೇನೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಂದ ಯಾರೂ ಸಂಶೋಧನೆಯನ್ನು ಕೇಳಿರಲಿಲ್ಲ, ಕಡತವನ್ನು ಮಾತ್ರ ಕೇಳಿದ್ದರು. ಆ ಕಡತದಲ್ಲಿ ಫಲಿತಾಂಶ ಯಾವಾಗಲೂ ಏರುಮುಖವಾಗಿರುತ್ತದೆ, ಮಕ್ಕಳು ಯಾವಾಗಲೂ ಸುಧಾರಿಸಿರುತ್ತಾರೆ ಮತ್ತು ಸಂಶೋಧನೆ ಒಂದೇ ಸುತ್ತಿಗೆ ಮುಗಿದಿರುತ್ತದೆ. ಈ ತರಬೇತಿಯ ದೊಡ್ಡ ಗುಣವೆಂದರೆ ಅದು ಕಡತದಿಂದ ಆರಂಭವಾಗುವುದಿಲ್ಲ. ಕೊನೆಯ ವರದಿಯನ್ನು ನಾಲ್ಕು ಪುಟಕ್ಕೆ ಮಿತಿಗೊಳಿಸಿ, ಅದರಲ್ಲಿ ಒಂದು ಪುಟವನ್ನು ಕೈಗೂಡದ ಸಂಗತಿಗಳಿಗಾಗಿಯೇ ಮೀಸಲಿಟ್ಟಿದ್ದರು.

ಮೊದಲ ಭಾನುವಾರದ ಇತಿಹಾಸದ ಪಾಠ ಸ್ವಲ್ಪ ದೀರ್ಘವಾಯಿತು, ಆದರೂ ಅದರಿಂದ ನನಗೆ ಪ್ರಯೋಜನವಾಯಿತು. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1946ರ ತಮ್ಮ ಲೇಖನದಲ್ಲಿ, ಯೋಜಿಸುವುದು, ಮಾಡುವುದು, ಮಾಡಿದ್ದರ ಪರಿಣಾಮವನ್ನು ಪರಿಶೀಲಿಸುವುದು, ಅದರ ಆಧಾರದ ಮೇಲೆ ಮತ್ತೆ ಯೋಜಿಸುವುದು ಎಂಬ ಸುರುಳಿಯಾಕಾರದ ಕ್ರಮವನ್ನು ವಿವರಿಸಿದರು. ಅಂದರೆ ಕ್ರಿಯಾ ಸಂಶೋಧನೆ ಹುಟ್ಟಿದ್ದು ಶಾಲೆಯಲ್ಲಲ್ಲ, ಸಮಾಜದ ಮತ್ತು ದುಡಿಮೆಯ ನಡುವೆ. ವರ್ಜೀನಿಯಾದ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆಯಲ್ಲಿ ಲೆವಿನ್ ಮತ್ತು ಅವರ ಬಳಗದವರು ಕೆಲಸ ಮಾಡಿದ್ದರು. ಕೆಲಸದ ವಿಧಾನವನ್ನು ಬದಲಿಸುವಾಗ ಅದರ ತೀರ್ಮಾನದಲ್ಲಿ ಪಾಲು ಪಡೆದ ಹೆಣ್ಣುಮಕ್ಕಳು ಬೇಗನೆ ಹಳೆಯ ವೇಗಕ್ಕೆ ಮರಳಿದರೆಂದೂ, ಆದೇಶವನ್ನು ಮಾತ್ರ ಪಡೆದ ಗುಂಪಿನಲ್ಲಿ ಉತ್ಪಾದನೆ ಕುಸಿದು ಕೆಲವರು ಕೆಲಸವನ್ನೇ ಬಿಟ್ಟರೆಂದೂ 1948ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನ ತೋರಿಸಿತು. 1950ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಸ್ಟೀಫನ್ ಕೋರಿ ಈ ಕ್ರಮವನ್ನು ಶಾಲೆಗಳಿಗೆ ತಂದರು. ಶಿಕ್ಷಕರೇ ಸಂಶೋಧಕರಾಗಬೇಕೆಂದು ಇಂಗ್ಲೆಂಡಿನಲ್ಲಿ ಲಾರೆನ್ಸ್ ಸ್ಟೆನ್‌ಹೌಸ್ ವಾದಿಸಿದರು, ಜಾನ್ ಎಲಿಯಟ್ ಅದನ್ನು ಶಿಕ್ಷಕರ ಜೊತೆಗೂಡಿ ಮಾಡಿ ತೋರಿಸಿದರು. ಇಂದು ನಮ್ಮ ಕೈಪಿಡಿಗಳಲ್ಲೆಲ್ಲ ಕಾಣುವ ಯೋಜನೆ, ಕ್ರಿಯೆ, ಅವಲೋಕನ, ಚಿಂತನ ಎಂಬ ನಾಲ್ಕು ಹಂತಗಳ ಚಿತ್ರ 1980ರ ದಶಕದಲ್ಲಿ ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದ ಕೆಮ್ಮಿಸ್ ಮತ್ತು ಮೆಕ್‌ಟಾಗರ್ಟ್ ಅವರಿಂದ ಜನಪ್ರಿಯವಾಯಿತು. ಇಷ್ಟನ್ನು ತಿಳಿದಾಗ ನಮ್ಮ ತಂಡದಲ್ಲಿ ಶಿಕ್ಷಕರ ಜೊತೆ ಸಹಕಾರ ಸಂಘದ ಉದ್ಯೋಗಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಾಧಿಕಾರಿಯೂ ಏಕೆ ಕುಳಿತಿದ್ದಾರೆಂಬುದು ಸ್ಪಷ್ಟವಾಯಿತು.

ತರಬೇತಿಯ ನಿಜವಾದ ಕೆಲಸ ಪ್ರಶ್ನೆಯನ್ನು ರೂಪಿಸುವಲ್ಲಿ ನಡೆಯುತ್ತದೆ. ಸಿದ್ದಾಪುರದ ಕಡೆಯ ನಮ್ಮ ಶಾಲೆಯಲ್ಲಿ ನಾನು ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಕೂಡು, ಕಳೆ ಲೆಕ್ಕಗಳನ್ನು ನೇರವಾಗಿ ಕೊಟ್ಟರೆ ತಪ್ಪಿಲ್ಲದೆ ಮಾಡುವ ಮಕ್ಕಳು ಅವನ್ನೇ ವಾಕ್ಯರೂಪದಲ್ಲಿ ಕೊಟ್ಟರೆ ತಡವರಿಸುತ್ತಾರೆ. ಇದು ಎಲ್ಲ ಶಿಕ್ಷಕರಿಗೂ ಗೊತ್ತಿರುವ ತೊಂದರೆ. ನಮ್ಮ ಮಾರ್ಗದರ್ಶಕರು ನಿವೃತ್ತ ಗಣಿತ ಶಿಕ್ಷಕರು, ಮಿತಭಾಷಿ. ತಂಡದ ಪ್ರತಿಯೊಬ್ಬರ ಪ್ರಶ್ನೆಯನ್ನೂ ಕೇಳಿಸಿಕೊಂಡ ಮೇಲೆ ಅವರು ಕೇಳುತ್ತಿದ್ದದ್ದು ಒಂದೇ ಮಾತು: “ಮೇಡಂ, ಇದಕ್ಕೆ ಉತ್ತರ ಸಿಕ್ಕಿತು ಎಂದಿಟ್ಟುಕೊಳ್ಳಿ. ಸೋಮವಾರ ತರಗತಿಗೆ ಹೋದಾಗ ನೀವು ಏನನ್ನು ಬೇರೆ ರೀತಿಯಲ್ಲಿ ಮಾಡುತ್ತೀರಿ?” ಪೋಷಕರ ಅನಕ್ಷರತೆ, ಮಕ್ಕಳ ಗೈರುಹಾಜರಿ, ಮೊಬೈಲ್ ಹಾವಳಿ ಮೊದಲಾಗಿ ನಮ್ಮ ಕೈಯಲ್ಲಿಲ್ಲದ ಎಲ್ಲ ಕಾರಣಗಳೂ ಈ ಒಂದು ಮಾತಿನಿಂದ ಬದಿಗೆ ಸರಿದವು. ಹೀಗೆ ಉಳಿದ ಪ್ರಶ್ನೆ ಚಿಕ್ಕದು: ಹೋಲಿಕೆಯ ವಾಕ್ಯಲೆಕ್ಕಗಳನ್ನು ಓದುವಾಗ ನನ್ನ ತರಗತಿಯ ಮಕ್ಕಳು ಯಾವ ಹಂತದಲ್ಲಿ ದಾರಿ ತಪ್ಪುತ್ತಾರೆ, ಆ ಹಂತದಲ್ಲಿ ನಾನು ಏನು ಮಾಡಬಹುದು?

ಅವಲೋಕನ ಪುಸ್ತಕವೆಂದು ಕೊಟ್ಟಿದ್ದು ಸಾಧಾರಣ ಗೆರೆ ಪುಸ್ತಕ. ಎಡಪುಟದಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು, ಬಲಪುಟದಲ್ಲಿ ಅದರ ಬಗ್ಗೆ ನಮಗೆ ಅನಿಸಿದ್ದನ್ನು. ಎರಡನ್ನೂ ಬೆರೆಸಿದರೆ ಮಾರ್ಗದರ್ಶಕರು ಪೆನ್ಸಿಲಿನಿಂದ ಗುರುತು ಹಾಕಿ ಹಿಂತಿರುಗಿಸುತ್ತಿದ್ದರು. ಮಕ್ಕಳಿಗೆ ನಾನು ಕೊಟ್ಟ ಲೆಕ್ಕಗಳಲ್ಲಿ ಒಂದು ಹೀಗಿತ್ತು: “ಮುತ್ತಮ್ಮ 84 ಕಿಲೋ ಕಾಫಿ ಹಣ್ಣು ಕೊಯ್ದಳು. ಅದು ಪೊನ್ನಿ ಕೊಯ್ದದ್ದಕ್ಕಿಂತ 6 ಕಿಲೋ ಹೆಚ್ಚು. ಹಾಗಾದರೆ ಪೊನ್ನಿ ಕೊಯ್ದದ್ದು ಎಷ್ಟು?” ಹೆಚ್ಚಿನ ಮಕ್ಕಳು 90 ಎಂದು ಬರೆದರು. ಅವರಲ್ಲಿ ಒಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಬ್ಬರಲ್ಲಿ ಯಾರು ಹೆಚ್ಚು ಕೊಯ್ದರೆಂದು ಕೇಳಿದಾಗ ಅವಳು ತಡಮಾಡದೆ ಮುತ್ತಮ್ಮ ಎಂದಳು. ತೋಟದ ಲೈನ್ ಮನೆಯಲ್ಲಿ ಬೆಳೆದ, ಸಂಜೆಯ ತೂಕವನ್ನು ದಿನವೂ ನೋಡುವ ಮಗುವಿಗೆ ಅದು ಕಷ್ಟವೇ ಅಲ್ಲ. ಇನ್ನೊಂದು ಲೆಕ್ಕವನ್ನು ಕೊಟ್ಟು ಅವಳ ಪೆನ್ಸಿಲನ್ನೇ ಗಮನಿಸಿದೆ. ‘ಹೆಚ್ಚು’ ಎಂಬಲ್ಲಿಗೆ ಬಂದ ಕೂಡಲೇ, ಪ್ರಶ್ನೆಯ ವಾಕ್ಯವನ್ನು ತಲುಪುವ ಮೊದಲೇ, ಅವಳು ಕೂಡುವ ಚಿಹ್ನೆಯನ್ನು ಹಾಕಿಬಿಟ್ಟಿದ್ದಳು. ಉತ್ತರ ಪತ್ರಿಕೆಯನ್ನು ಎಷ್ಟು ತಿದ್ದಿದರೂ ಇದು ಕಾಣುವುದಿಲ್ಲ, ಏಕೆಂದರೆ ಅಲ್ಲಿ ಉಳಿಯುವುದು 90 ಎಂಬ ತಪ್ಪು ಉತ್ತರ ಮಾತ್ರ.

ಮೊದಲ ಸುತ್ತಿನಲ್ಲಿ ನಾನು ಮಾಡಿದ ಬದಲಾವಣೆ ಸರಳವಾದದ್ದು. ಸಂಖ್ಯೆಗಳನ್ನು ತೆಗೆದುಹಾಕಿ ಲೆಕ್ಕದ ಕಥೆಯನ್ನಷ್ಟೇ ಹಲಗೆಯ ಮೇಲೆ ಬರೆಯುತ್ತಿದ್ದೆ. ಮಕ್ಕಳು ಇಬ್ಬಿಬ್ಬರಾಗಿ ಕುಳಿತು ಅದನ್ನು ತಮ್ಮ ಮನೆಮಾತಿನಲ್ಲಿ ಒಬ್ಬರಿಗೊಬ್ಬರು ಹೇಳಬೇಕು, ಎರಡು ಪಟ್ಟಿಗಳನ್ನು ಎಳೆದು ಯಾವುದು ಉದ್ದ, ಯಾವುದು ಗಿಡ್ಡ ಎಂದು ತೋರಿಸಬೇಕು, ಆಮೇಲೆ ಸಂಖ್ಯೆಗಳು. ನಮ್ಮ ತರಗತಿಯಲ್ಲಿ ಎರವ ಮಾತು, ಮಲಯಾಳಂ, ಅರೆಭಾಷೆ, ಕೊಡವ ತಕ್ಕ್ ಎಲ್ಲವೂ ಇವೆ. ಕನ್ನಡದಲ್ಲಿ ಕೇಳಿದರೆ ಒಂದೇ ಪದದಲ್ಲಿ ಉತ್ತರಿಸುವ ಮಕ್ಕಳು ತಮ್ಮ ಮಾತಿನಲ್ಲಿ ಕಥೆಯನ್ನು ಬೆಳೆಸಿ ಹೇಳುತ್ತಿದ್ದರು, ಮುತ್ತಮ್ಮನ ಬುಟ್ಟಿಯ ಬಣ್ಣವನ್ನೂ ಸೇರಿಸುತ್ತಿದ್ದರು. ಚಿಹ್ನೆ ಹಾಕುವ ಅವಸರ ಬಹಳಷ್ಟು ಮಕ್ಕಳಲ್ಲಿ ಕಡಿಮೆಯಾಯಿತು. ಆದರೆ ಅಸ್ಸಾಂನಿಂದ ಬಂದ ಕುಟುಂಬಗಳ ಮಕ್ಕಳಲ್ಲಿ ಒಬ್ಬನಿಗೆ ಜೊತೆಯಲ್ಲಿ ಮಾತನಾಡಲು ಅವನ ಭಾಷೆಯವರು ತರಗತಿಯಲ್ಲಿ ಯಾರೂ ಇರಲಿಲ್ಲ, ಅವನು ಸುಮ್ಮನೆ ಕುಳಿತಿರುತ್ತಿದ್ದ. ಇಂಥ ಸಂಗತಿಗೆ ಹಳೆಯ ಮಾದರಿಯ ಕಡತದಲ್ಲಿ ಜಾಗವೇ ಇಲ್ಲ, ಸರಾಸರಿ ಏರಿದರೆ ಅಲ್ಲಿಗೆ ಸಂಶೋಧನೆ ಮುಗಿಯಿತು. ಇಲ್ಲಿ ಎರಡನೇ ಸುತ್ತಿನ ಪ್ರಶ್ನೆ ಅವನಿಂದಲೇ ಹುಟ್ಟಿತು. ಕಥೆಯನ್ನು ಮಾತಿನಲ್ಲಿ ಹೇಳುವ ಬದಲು ಕಡ್ಡಿಗಳನ್ನು ಜೋಡಿಸಿ ತೋರಿಸುವ ಕ್ರಮವನ್ನು ತಂದಾಗ ಅವನು ತನ್ನ ಜೊತೆಗಾರನಿಗೇ ತಿದ್ದಿ ತೋರಿಸಿದ. ಎಲ್ಲ ಬಗೆಯ ಲೆಕ್ಕಗಳಿಗೂ ಇದು ಒದಗುತ್ತದೆಂದು ನಾನು ಹೇಳಲಾರೆ. ಗುಣಾಕಾರದ ವಾಕ್ಯಲೆಕ್ಕಗಳಲ್ಲಿ ಹಳೆಯ ತೊಡಕು ಹಾಗೆಯೇ ಇದೆ.

ಮಾರ್ಗದರ್ಶಕರ ಭೇಟಿಯ ಬೆಲೆ ಇಂಥ ಕಡೆ ತಿಳಿಯುತ್ತದೆ. ಅವರು ಹಿಂದಿನ ಬೆಂಚಿನಲ್ಲಿ ಕುಳಿತು, ನಾನು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತೇನೆ, ಯಾವ ಸಾಲಿನ ಮಕ್ಕಳ ಕಡೆಗೆ ಹೆಚ್ಚು ನೋಡುತ್ತೇನೆ ಎಂಬುದನ್ನು ಬರೆದುಕೊಂಡು, ಬಿಸಿಯೂಟದ ಹೊತ್ತಿನಲ್ಲಿ ಆ ಹಾಳೆಯನ್ನು ನನಗೇ ಕೊಟ್ಟು ಹೋಗುತ್ತಿದ್ದರು. ಮೆಚ್ಚುಗೆಯಾಗಲೀ ಆಕ್ಷೇಪಣೆಯಾಗಲೀ ಅದರಲ್ಲಿ ಇರುತ್ತಿರಲಿಲ್ಲ. ತಪಾಸಣೆಗೆ ಬರುವವರ ಮುಂದೆ ಪಾಠ ಮಾಡಿ ಅಭ್ಯಾಸವಿರುವ ನಮಗೆ ಇದು ಬೇರೆಯೇ ಅನುಭವ.

ಸಹಕಾರ ಸಂಘದ ಉದ್ಯೋಗಿಯ ಕೆಲಸವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಕಚೇರಿಯಲ್ಲಿ ದುಡಿಯುವವರು ಈ ತರಬೇತಿ ತಮಗಲ್ಲವೆಂದು ಭಾವಿಸಬಾರದು. ಬೆಳೆ ಸಾಲದ ನವೀಕರಣಕ್ಕೆ ಬರುವ ರೈತರು ಒಂದೇ ಕೆಲಸಕ್ಕೆ ಹಲವು ಸಲ ಅಲೆಯುತ್ತಾರೆಂಬುದು ಅವರ ಸಮಸ್ಯೆ. ಹಿಂದಕ್ಕೆ ಕಳುಹಿಸಿದ ಪ್ರತಿಯೊಬ್ಬರ ಕಾರಣವನ್ನೂ ಅವರು ಕೌಂಟರಿನಲ್ಲೇ ಒಂದು ಹಾಳೆಯಲ್ಲಿ ಗುರುತು ಹಾಕುತ್ತಾ ಬಂದರು. ಕೊಡಗಿನ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಹಣಿಯಲ್ಲಿ ಕುಟುಂಬದ ಹಲವರ ಹೆಸರುಗಳಿದ್ದು, ಉಳಿದವರ ಒಪ್ಪಿಗೆ ಪತ್ರವಿಲ್ಲದೆ ಬರುವುದೇ ಮುಖ್ಯ ಕಾರಣವೆಂದು ಹೊರಬಿತ್ತು. ಬೇಕಾದ ದಾಖಲೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದು ಉಪಯೋಗಕ್ಕೆ ಬರಲಿಲ್ಲ. ಅದನ್ನು ಓದುವ ಹೊತ್ತಿಗೆ ರೈತರು ಆಗಲೇ ಬಸ್ಸು ಹಿಡಿದು ಬಂದಾಗಿರುತ್ತದೆ. ಎರಡನೇ ಸುತ್ತಿನಲ್ಲಿ ನವೀಕರಣದ ದಿನಾಂಕಕ್ಕೆ ಮೊದಲೇ ಪ್ರತಿ ಸದಸ್ಯರಿಗೆ ಫೋನ್ ಮಾಡಿ ಅವರವರ ಪಹಣಿಗೆ ಏನು ಬೇಕೆಂದು ಹೇಳುವ ವ್ಯವಸ್ಥೆ ಮಾಡಿದರು. ಯಾರು ಯಾರಿಗೆ ಫೋನ್ ಮಾಡಬೇಕೆಂಬುದನ್ನು ಅವರ ಸಹೋದ್ಯೋಗಿಗಳೇ ಕುಳಿತು ಹಂಚಿಕೊಂಡರು. ಮೇಲಿನಿಂದ ಸುತ್ತೋಲೆಯಾಗಿ ಬಂದಿದ್ದರೆ ಇದೇ ಕೆಲಸಕ್ಕೆ ಗೊಣಗಾಟ ಎದುರಾಗುತ್ತಿತ್ತೆಂದು ಅವರೇ ಸಭೆಯಲ್ಲಿ ಹೇಳಿದರು. ಹಾರ್ವುಡ್ ಕಾರ್ಖಾನೆಯ ಪಾಠ ಆಗ ನಮಗೆ ದೂರದ್ದೆನಿಸಲಿಲ್ಲ.

ಇನ್ನು ಕೊರತೆಗಳು. ಜೂನ್‌ನಲ್ಲಿ ಯೋಜನೆ ಮಾಡಿ ಜುಲೈ ಮತ್ತು ಆಗಸ್ಟ್‌ನಲ್ಲಿ ಮೊದಲ ಸುತ್ತನ್ನು ಮುಗಿಸಬೇಕೆಂದು ವೇಳಾಪಟ್ಟಿ ಹೇಳುತ್ತದೆ. ಕಕ್ಕಡ ಎಂಬ ಕೊಡವ ತಿಂಗಳ ಜಡಿಮಳೆಯಲ್ಲಿ ಕೊಡಗಿನ ಶಾಲೆಗಳು ಹೇಗೆ ನಡೆಯುತ್ತವೆಂದು ಬಲ್ಲವರು ಯಾರೂ ಹೀಗೆ ಯೋಜಿಸುವುದಿಲ್ಲ. ಮೇಲಿಂದ ಮೇಲೆ ಮಳೆ ರಜೆ ಘೋಷಣೆಯಾಗುತ್ತದೆ, ಹೊಳೆ ದಾಟಿ ಬರುವ ಮಕ್ಕಳು ರಜೆ ಇಲ್ಲದ ದಿನವೂ ಬರುವುದಿಲ್ಲ, ಕರೆಂಟು ಹೋದರೆ ಕೊಠಡಿಯಲ್ಲಿ ಹಲಗೆ ಕಾಣುವುದಿಲ್ಲ, ಹೆಂಚಿನ ಮೇಲಿನ ಮಳೆಯ ಸದ್ದಿಗೆ ಮಕ್ಕಳ ಮಾತನ್ನು ಕೇಳಿಸಿಕೊಳ್ಳುವುದೇ ಕಷ್ಟ. ಮಕ್ಕಳ ಮಾತನ್ನೇ ಆಧಾರವಾಗಿಟ್ಟುಕೊಂಡ ಸಂಶೋಧನೆಗೆ ಇದಕ್ಕಿಂತ ಪ್ರತಿಕೂಲವಾದ ಕಾಲ ಬೇರೆ ಇಲ್ಲ. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡ ಜಿಲ್ಲೆಗೆ ಮಳೆಗಾಲವನ್ನು ಬಿಟ್ಟು ಯೋಜಿಸಿ ಎಂದು ಹೇಳಬೇಕಾಗಿ ಬಂದದ್ದು ನನಗೆ ಬೇಸರದ ಸಂಗತಿ.

ಇದಕ್ಕಿಂತ ಗಂಭೀರವಾದದ್ದು ಕೊಯ್ಲಿನ ಪ್ರಶ್ನೆ. ನವೆಂಬರ್ ಕೊನೆಯಿಂದ ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ ಕೊಯ್ಲು ಆರಂಭವಾದಾಗ ತೋಟಗಳಿಗೆ ಹೊಸ ಕುಟುಂಬಗಳು ಬರುತ್ತವೆ, ಇರುವ ಕುಟುಂಬಗಳು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತವೆ. ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರುಗಳೇ ಬದಲಾಗುತ್ತವೆ. ಜೂನ್‌ನಲ್ಲಿ ಪೂರ್ವ ಪರೀಕ್ಷೆ ಬರೆದ ಮಕ್ಕಳೂ ಡಿಸೆಂಬರ್‌ನಲ್ಲಿ ಉತ್ತರ ಪರೀಕ್ಷೆ ಬರೆದ ಮಕ್ಕಳೂ ಒಂದೇ ಗುಂಪಲ್ಲದಿದ್ದರೆ ಎರಡರ ಸರಾಸರಿಯನ್ನು ಹೋಲಿಸುವುದಕ್ಕೆ ಅರ್ಥವಿಲ್ಲ. ಕಲಿಕೆ ಸುಧಾರಿಸದೆಯೂ ಸರಾಸರಿ ಏರಬಹುದು, ಸುಧಾರಿಸಿದರೂ ಇಳಿಯಬಹುದು. ಕೈಪಿಡಿಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಮಾರ್ಗದರ್ಶಕರು ಪ್ರತಿ ಮಗುವಿನ ಕೆಲಸವನ್ನು ಪ್ರತ್ಯೇಕವಾಗಿ ಇಟ್ಟು, ಆರಂಭದಿಂದ ಕೊನೆಯವರೆಗೂ ಇದ್ದವರನ್ನು ಮಾತ್ರ ಅವರವರ ಹಿಂದಿನ ಕೆಲಸದ ಜೊತೆ ಹೋಲಿಸಲು ಹೇಳಿದ್ದರಿಂದ ನಮ್ಮ ತಂಡ ಪಾರಾಯಿತು. ನಡುವೆ ಬಂದ, ನಡುವೆ ಹೋದ ಮಕ್ಕಳ ಬಗ್ಗೆ ಬೇರೆಯೇ ಟಿಪ್ಪಣಿ ಇಡಿಸಿದರು. ಇದು ಕೈಪಿಡಿಯಲ್ಲಿಯೇ ಇರಬೇಕಾದ ವಿಧಾನ. ಒಬ್ಬ ಮಾರ್ಗದರ್ಶಕರ ಅನುಭವದ ಮೇಲೆ ಅವಲಂಬಿಸಬಾರದು. ಕೊಡವರ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಸೆಪ್ಟೆಂಬರ್‌ನಲ್ಲಿ ಆರಂಭಿಸಿ, ದಸರಾ ರಜೆಯನ್ನು ಬಿಟ್ಟು, ಕೊಯ್ಲಿಗೆ ಮೊದಲೇ ಮೊದಲ ಸುತ್ತನ್ನು ಮುಗಿಸಿ, ಕೊಯ್ಲಿನ ತಿಂಗಳುಗಳ ಬದಲಾದ ತರಗತಿಯನ್ನೇ ಎರಡನೇ ಸುತ್ತಿನ ವಿಷಯವಾಗಿಸಿಕೊಂಡರೆ ಇಲ್ಲಿಯ ಶಾಲೆಗಳಿಗೆ ಸರಿಹೋಗುತ್ತದೆ ಎಂದು ನಾನು ಲಿಖಿತವಾಗಿ ಸೂಚಿಸಿದ್ದೇನೆ.

ಸಹೋದ್ಯೋಗಿಯೊಬ್ಬರು ನಮ್ಮ ಪಾಠವನ್ನು ನೋಡಬೇಕೆಂಬ ನಿಯಮ ತತ್ತ್ವಶಃ ಸರಿಯಾದರೂ ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ನನ್ನ ತರಗತಿಯನ್ನು ನೋಡಲು ಅವರು ಬಂದರೆ ಅವರ ಮಕ್ಕಳನ್ನು ನೋಡುವವರು ಯಾರೂ ಇರುವುದಿಲ್ಲ. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನಡೆಸುವ ಬಹುವರ್ಗ ಬೋಧನೆ ಇರುವ ಶಾಲೆಗಳಿಗೆ ಬೇರೆ ದಾರಿಯನ್ನು ಸೂಚಿಸಬೇಕಿತ್ತು. ಕೈಪಿಡಿಯ ಉದಾಹರಣೆಗಳೆಲ್ಲ ವಿಷಯಕ್ಕೊಬ್ಬ ಶಿಕ್ಷಕರಿರುವ ದೊಡ್ಡ ಶಾಲೆಗಳವು. ನಾಗರಹೊಳೆ ಕಾಡಿನ ಆಚೆ ಬದಿಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯನ್ನು ಅದರಲ್ಲಿ ಹೆಸರಿಸಿಯೂ ಇಲ್ಲ. ಆಂಧ್ರಪ್ರದೇಶದ ಋಷಿವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರು ತಮ್ಮ ಬಹುವರ್ಗ ತರಗತಿಗಳಿಗೆ ಹೊಂದುವಂತೆ ಅದನ್ನು ರೂಪಿಸಿಕೊಂಡ ಪ್ರಯತ್ನವದು. ನಾವೇ ಒಂದರಿಂದ ಮೂರನೇ ತರಗತಿಯವರೆಗೆ ಬಳಸುವ ಪದ್ಧತಿ ಶಿಕ್ಷಕರ ಕೈಯಿಂದ ಬಂದದ್ದೆಂಬುದನ್ನು ತಿಳಿಸಿದರೆ ತಂಡದಲ್ಲಿದ್ದ ಕಿರಿಯ ಶಿಕ್ಷಕರಿಗೆ ಲೆವಿನ್ ಅವರ ಇತಿಹಾಸಕ್ಕಿಂತ ಹೆಚ್ಚಿನ ಧೈರ್ಯ ಬರುತ್ತಿತ್ತು.

ವಾಟ್ಸ್‌ಆ್ಯಪ್ ಗುಂಪು ಆರಂಭದಲ್ಲಿ ಚುರುಕಾಗಿದ್ದು ಬರಬರುತ್ತ ಶುಭಾಶಯಗಳಿಗೆ ಸೀಮಿತವಾಯಿತು. ಮಕ್ಕಳ ಮುಖ ಕಾಣುವ ಚಿತ್ರಗಳನ್ನು ಅಲ್ಲಿ ಹಾಕಬಾರದೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದಕ್ಕೆ ಮಾತ್ರ ಸಂಸ್ಥೆಯನ್ನು ಮೆಚ್ಚಲೇಬೇಕು.

ಶುಲ್ಕಕ್ಕೆ ಸಿಗುವುದು ಕಡಿಮೆಯಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಬೆಳವಣಿಗೆಯ ಅವಕಾಶವಿರಬೇಕೆನ್ನುತ್ತದೆ. ಇಂಥ ತರಬೇತಿಯ ಗಂಟೆಗಳನ್ನು ಅದರಲ್ಲಿ ಸೇರಿಸಲು ಇಲಾಖೆಯೊಂದಿಗೆ ಸಂಸ್ಥೆಯೇ ಮಾತನಾಡಿದರೆ ಹೆಚ್ಚು ಶಿಕ್ಷಕರು ಬರುತ್ತಾರೆ. ಹಾಗೆಯೇ ಪ್ರತಿ ತಂಡದ ನಾಲ್ಕು ಪುಟದ ವರದಿಗಳನ್ನು ಶಾಲೆಗಳ ಗುರುತು ತೆಗೆದು ಕೂಡಿಗೆಯಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ ಇರಿಸಿದರೆ ಮುಂದಿನವರು ಅವನ್ನು ಓದಬಹುದು. ಈಗ ಅವು ಸಂಸ್ಥೆಯ ಕಪಾಟಿನಲ್ಲಿವೆ.

ಸೇರಲು ಯೋಚಿಸುತ್ತಿರುವವರಿಗೆ ನನ್ನ ಸಲಹೆ ಇಷ್ಟು. ಒಬ್ಬರೇ ಸೇರಬೇಡಿ, ನಿಮ್ಮ ಶಾಲೆಯಿಂದ ಅಥವಾ ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರ್‌ನಿಂದ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಭಾನುವಾರಗಳ ನಡುವಿನ ವಾರಗಳಲ್ಲಿ ಅವಲೋಕನ ಪುಸ್ತಕವನ್ನು ತೋರಿಸಿ ಮಾತನಾಡಲು ಹತ್ತಿರದಲ್ಲೇ ಒಬ್ಬರು ಬೇಕು. ಮುಖ್ಯ ಶಿಕ್ಷಕರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಶುಲ್ಕ ಕಟ್ಟುವ ಮುನ್ನ ನಿಮ್ಮ ಮಾರ್ಗದರ್ಶಕರು ಯಾರು, ಅವರು ಎಷ್ಟು ಸಲ ನಿಮ್ಮ ಶಾಲೆಗೆ ಬರುತ್ತಾರೆಂದು ಕೇಳಿ ತಿಳಿದುಕೊಳ್ಳಿ. ನಮ್ಮ ತಂಡಕ್ಕೆ ಸಿಕ್ಕಂಥವರು ಸಿಗುವುದಾದರೆ, ಮಳೆಗಾಲದ ವೇಳಾಪಟ್ಟಿ ಬದಲಾಗದಿದ್ದರೂ ಸೇರಿ. ಶಾಲಾ ಭೇಟಿಗಳಿಲ್ಲದೆ ಬರೀ ಭಾನುವಾರದ ತರಗತಿಗಳಷ್ಟೇ ಇರುವುದಾದರೆ ಮುಂದಿನ ತಂಡದವರೆಗೆ ಕಾಯುವುದು ಮೇಲು.